1969ರ ಚಿತ್ರಗಳನ್ನು ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಇರುಳೆಲ್ಲ ಎಚ್ಚರವಿದ್ದು ಬಯಲಾಟವನ್ನು ನೋಡಿ, ಬೆಳಗಿನ ಜಾವದಲ್ಲಿ ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಯಾವ ವೇಷಧಾರಿ ಯಾವ ಪದ್ಯಕ್ಕೆ ಎಂತಹ ಅರ್ಥವನ್ನು ಹೇಳಿದನೆಂಬುದನ್ನು ಚರ್ಚಿಸಬಲ್ಲ ಕಾನಸೂರು ಸೀಮೆಯ ತರುಣನಿಗೆ ರಸಿಕತೆಯ ಪಾಠವನ್ನು ಹೊಸದಾಗಿ ಹೇಳಬೇಕಾದ ಅಗತ್ಯವು ಮೇಲ್ನೋಟಕ್ಕೆ ಕಾಣುವುದಿಲ್ಲ. ಆದರೂ ಅದೇ ತರುಣನ ಮುಂದೆ 1969ನೆಯ ಇಸವಿಯ ಕನ್ನಡ ಚಲನಚಿತ್ರವೊಂದನ್ನು ಇಟ್ಟರೆ, ಸ್ವಲ್ಪ ಹೊತ್ತು ಕಳೆಯುವುದರೊಳಗೆ ಅವನ ಚಿತ್ತವು ಚಂಚಲವಾಗುವುದನ್ನೂ, ಕಥೆ ನಿಧಾನವೆಂದೂ ಅಳು ಹೆಚ್ಚೆಂದೂ ಬಣ್ಣವಿಲ್ಲವೆಂದೂ ಅವನು ಆಕ್ಷೇಪಿಸುವುದನ್ನೂ ನಾವು ಕಾಣುತ್ತೇವೆ. ಸಹೃದಯತೆಯ ಕೊರತೆ ಇದಕ್ಕೆ ಕಾರಣವಲ್ಲ. ರಂಗಸ್ಥಳವನ್ನು ನೋಡಿ ಪಳಗಿದ ಕಣ್ಣು ತೆರೆಯ ಮೇಲೆ ಎಲ್ಲಿ ನಿಲ್ಲಬೇಕೆಂಬುದನ್ನು ಅವನಿಗೆ ಯಾರೂ ತಿಳಿಸಿಲ್ಲದಿರುವುದೇ ಕಾರಣ. ಅದನ್ನು ತಿಳಿಸುವುದು ಈ ಬರಹದ ಉದ್ದೇಶ.

ಆ ಒಂದು ವರ್ಷವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’, ‘ಮಲ್ಲಮ್ಮನ ಪವಾಡ’ ಮತ್ತು ‘ಕಪ್ಪು ಬಿಳುಪು’, ಎನ್. ಲಕ್ಷ್ಮೀನಾರಾಯಣರ ‘ಉಯ್ಯಾಲೆ’, ಸಿದ್ದಲಿಂಗಯ್ಯನವರು ಮೊದಲ ಬಾರಿಗೆ ನಿರ್ದೇಶಿಸಿದ ‘ಮೇಯರ್ ಮುತ್ತಣ್ಣ’, ದೊರೆ–ಭಗವಾನರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಇವೆಲ್ಲವೂ ಅದೇ ವರ್ಷದ ಕೃತಿಗಳು. ಮರುವರ್ಷ, 1970ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಬಂದು ಕನ್ನಡದಲ್ಲಿ ಹೊಸ ಅಲೆಯ ಮಾತು ಮೊದಲಾಯಿತು; ಆಮೇಲೆ ಬರೆದ ವಿಮರ್ಶಕರಲ್ಲಿ ಅನೇಕರು ಆ ಅಲೆಯ ಮೋಹದಲ್ಲಿ ಅದರ ಹಿಂದಿನ ವರ್ಷವನ್ನು ಲಕ್ಷಿಸದೆ ಮುಂದೆ ಸಾಗಿದರು. ಇದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಆ ವರ್ಷದಲ್ಲಿ ಜನಪ್ರಿಯ ಚಿತ್ರವೂ ಗಂಭೀರ ಚಿತ್ರವೂ ಇನ್ನೂ ಬೇರೆ ಬೇರೆ ಮನೆ ಮಾಡಿರಲಿಲ್ಲ. ಒಂದೇ ಪ್ರೇಕ್ಷಕವರ್ಗ ಎರಡನ್ನೂ ನೋಡುತ್ತಿತ್ತು, ಒಬ್ಬರೇ ನಟರು ಎರಡರಲ್ಲಿಯೂ ಅಭಿನಯಿಸುತ್ತಿದ್ದರು.

ಆಟ ನೋಡಿ ಬೆಳೆದವನಿಗೆ ಈ ಚಿತ್ರಗಳನ್ನು ನೋಡುವುದರಲ್ಲಿ ಕೆಲವು ಅನುಕೂಲಗಳು ಸಹಜವಾಗಿಯೇ ಒದಗಿರುತ್ತವೆ. ಕಥೆಯ ಮಧ್ಯದಲ್ಲಿ ಪಾತ್ರವು ಹಾಡಿದರೆ ಅದು ಅಸಂಭವವೆಂದು ನಗರದ ವಿದ್ಯಾವಂತನು ಹುಬ್ಬೇರಿಸಬಹುದು. ಭಾಗವತರ ಪದ್ಯವಿಲ್ಲದೆ ಪಾತ್ರವೇ ಇಲ್ಲವೆಂಬುದನ್ನು ಬಲ್ಲ ನಮ್ಮವನಿಗೆ ಅದು ವಿಚಿತ್ರವೆನಿಸಲಾರದು. ಮುಂದೇನಾಗುವುದೆಂಬ ಕುತೂಹಲಕ್ಕಿಂತ ಹೇಗಾಗುವುದೆಂಬ ಆಸಕ್ತಿಯೇ ಹಿರಿದೆಂಬುದನ್ನೂ ಅವನು ಬಲ್ಲನು. ಕರ್ಣನು ಸಾಯುವನೆಂಬುದು ಗೊತ್ತಿದ್ದೇ ‘ಕರ್ಣಪರ್ವ’ಕ್ಕೆ ಜನ ಸೇರುತ್ತಾರಲ್ಲವೆ? ಆದರೆ ಒಂದು ಅಭ್ಯಾಸವನ್ನು ಮಾತ್ರ ಅವನು ಹೊರಗಿಟ್ಟು ಬರಬೇಕು. ನಮ್ಮ ಆಟದಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆಯಲ್ಲಿಯೂ, ಭಾವವು ಮಾತಿನಲ್ಲಿ ವಿಸ್ತಾರಗೊಳ್ಳುತ್ತದೆ; ಭೀಷ್ಮನ ಅಂತರಂಗವೇನೆಂಬುದನ್ನು ಭೀಷ್ಮನೇ ಒಂದು ತಾಸು ವಾದಿಸಿ ತಿಳಿಸುತ್ತಾನೆ. ಚಲನಚಿತ್ರದಲ್ಲಿಯಾದರೋ ಪಾತ್ರವು ಮಾತು ಮುಗಿಸಿದ ಬಳಿಕವೂ ಕ್ಯಾಮೆರಾ ಅದರ ಮುಖವನ್ನು ಬಿಟ್ಟು ಸರಿಯದೆ ನಿಂತಿರುವ ಮೂರು ನಾಲ್ಕು ಕ್ಷಣಗಳಲ್ಲಿಯೇ ಕಥೆಯ ಮರ್ಮ ಇರುತ್ತದೆ. ಆನಂದವರ್ಧನನು ಕಾವ್ಯದಲ್ಲಿ ವಾಚ್ಯಕ್ಕಿಂತ ವ್ಯಂಗ್ಯಾರ್ಥಕ್ಕೆ ಹಿರಿಮೆಯನ್ನು ಕೊಟ್ಟನು. ಆ ವರ್ಷದ ಚಿತ್ರಗಳನ್ನು ನೋಡಬಯಸುವವನಿಗೆ ನಾನು ಹೇಳಬೇಕಾದುದೂ ಮುಖ್ಯವಾಗಿ ಅದೊಂದೇ: ಮಾತು ನಿಂತಲ್ಲಿ ನಿಮ್ಮ ಗಮನವನ್ನು ಇಮ್ಮಡಿಗೊಳಿಸಿರಿ.

‘ಗೆಜ್ಜೆಪೂಜೆ’ಯಿಂದ ಆರಂಭಿಸುವುದು ಯುಕ್ತ. ತೀರ್ಥಹಳ್ಳಿಯಲ್ಲಿ ಜನಿಸಿದ ಎಂ.ಕೆ. ಇಂದಿರಾ ಅವರ ಅದೇ ಹೆಸರಿನ ಕಾದಂಬರಿಯೇ ಇದರ ಆಧಾರ. ವೇಶ್ಯಾವೃತ್ತಿಯ ಮನೆಯೊಂದರಲ್ಲಿ ಹುಟ್ಟಿ, ವಿದ್ಯೆ ಕಲಿತು, ಎಲ್ಲ ಹೆಣ್ಣುಮಕ್ಕಳಂತೆ ಮದುವೆಯಾಗಿ ಬಾಳಬೇಕೆಂದು ಬಯಸುವ ಚಂದ್ರಾ ಎಂಬ ಹುಡುಗಿ. ಮಗಳಿಗೆ ಆ ಬಾಳು ದೊರಕಲೆಂದು ಹಂಬಲಿಸುವ ತಾಯಿ. ಕುಲವೃತ್ತಿಗೆ ಪ್ರವೇಶ ಮಾಡಿಸುವ ಗೆಜ್ಜೆಪೂಜೆಯ ವಿಧಿ ಯಾವಾಗ ನಡೆದೀತೆಂದು ಕಾಯುವ ಮನೆ. ನೆರೆಮನೆಯ ತರುಣನ ಪ್ರೀತಿ. ಹೆತ್ತ ತಂದೆಯನ್ನು ಕಾಣುವುದೇ ಮಗಳಿಗೆ ಅಪವಾದವಾಗಿ ಪರಿಣಮಿಸುವ ದುರ್ವಿಧಿ. ಕಥೆಯ ಅಂತ್ಯವನ್ನು ಇಲ್ಲಿ ಹೇಳುವುದು ಉಚಿತವಲ್ಲ. ಚಂದ್ರಾಳಾಗಿ ಕಲ್ಪನಾ, ತಾಯಿಯಾಗಿ ಲೀಲಾವತಿ, ತರುಣನಾಗಿ ಗಂಗಾಧರ್ ಅಭಿನಯಿಸಿದ್ದಾರೆ. ಮುಂದೆ ಪುಟ್ಟಣ್ಣನವರ ಅನೇಕ ಚಿತ್ರಗಳ ನಾಯಕಿಯಾದ ಆರತಿ ಚಿತ್ರರಂಗವನ್ನು ಪ್ರವೇಶಿಸಿದ್ದೂ ಇದರಲ್ಲಿಯೇ.

ಹೊಸಬನು ಇಲ್ಲಿ ಮೊದಲು ನೋಡಬೇಕಾದುದು ನಾಯಕಿಯ ಅಳುವನ್ನಲ್ಲ, ಅಳುವನ್ನು ಅವಳು ತಡೆಯುವ ರೀತಿಯನ್ನು. ಕಲ್ಪನಾ ಅವರ ಹೆಸರು ಇಂದು ಹೇಳಿದೊಡನೆ ಆವೇಶದ ಅಭಿನಯವೇ ಹಲವರ ನೆನಪಿಗೆ ಬರುತ್ತದೆ. ಅದಕ್ಕೆ ಆಮೇಲಿನ ‘ಶರಪಂಜರ’ದ ಕೀರ್ತಿಯು ಬಹುಮಟ್ಟಿಗೆ ಕಾರಣ. ‘ಗೆಜ್ಜೆಪೂಜೆ’ಯಲ್ಲಾದರೋ ಅವರ ಶಕ್ತಿ ಸಂಯಮದಲ್ಲಿದೆ. ತನ್ನ ಹುಟ್ಟಿನ ವಿಷಯ ಬಂದಾಗ ಚಂದ್ರಾ ಏನು ಮಾಡುತ್ತಾಳೆ, ದೃಷ್ಟಿ ಎತ್ತ ಹೊರಳುತ್ತದೆ, ನೆರೆಮನೆಯ ಸಂಸಾರವನ್ನು ಅವಳು ಎಂತಹ ಆಸೆಯಿಂದ ನೋಡುತ್ತಾಳೆ ಎಂಬುದನ್ನು ಗಮನಿಸಿರಿ. ಎರಡು ಮನೆಗಳ ಈ ಸಾಮೀಪ್ಯವೇ ಚಿತ್ರದ ನಿಜವಾದ ವಿನ್ಯಾಸ: ಒಂದರಲ್ಲಿ ಮಾನವಿದೆ, ಇನ್ನೊಂದರಲ್ಲಿ ಮಾನದ ಹಂಬಲವಿದೆ, ನಡುವಿನ ಅಂತರ ಕೆಲವೇ ಹೆಜ್ಜೆಗಳದ್ದಾದರೂ ಅದನ್ನು ದಾಟಲು ಒಂದು ಜನ್ಮ ಸಾಲದು. ಕಾದಂಬರಿಯನ್ನು ಓದಿದ ನಮ್ಮ ಮನೆಗಳ ಹೆಣ್ಣುಮಕ್ಕಳು ಈ ಚಿತ್ರವನ್ನು ನೋಡಿ ಮರುಗಿದ್ದು ಕೇವಲ ಕನಿಕರದಿಂದಲ್ಲ. ತಮ್ಮ ಜಗಲಿಯ ಹೊರಗೆ ನಿಲ್ಲಿಸಲ್ಪಟ್ಟ ಜೀವವೊಂದು ತಮ್ಮಂತೆಯೇ ಆಲೋಚಿಸುವುದನ್ನು ಕಂಡ ಅಳಲಿನಿಂದ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ, ಪುಟ್ಟಣ್ಣನವರಿಗೆ ಚಿತ್ರಕಥೆಯ ಪ್ರಶಸ್ತಿಯೂ ಇದಕ್ಕೆ ಸಂದವು. ಚಿತ್ರಕಥೆಗೆ ಸಂದ ಗೌರವವು ವಿಶೇಷವಾಗಿ ಸಾರ್ಥಕವಾದುದೆಂದು ನಾನು ಭಾವಿಸುತ್ತೇನೆ, ಏತಕ್ಕೆಂದರೆ ಕಾದಂಬರಿಯಲ್ಲಿ ಪುಟಗಟ್ಟಲೆ ಹರಡಿದ ಮನೋಗತವನ್ನು ನೋಟಕ್ಕೆ ಇಳಿಸುವುದು ಸುಲಭದ ಕೆಲಸವಲ್ಲ. ಮುಂದೆ ಇದೇ ಕಥೆ ತೆಲುಗಿನಲ್ಲಿ ‘ಕಲ್ಯಾಣ ಮಂಟಪಂ’ ಎಂದೂ, 1981ರಲ್ಲಿ ಹಿಂದಿಯಲ್ಲಿ ‘ಆಹಿಸ್ತಾ ಆಹಿಸ್ತಾ’ ಎಂದೂ ಬಂದಿತು.

ಸಂಗೀತದ ವಿಷಯದಲ್ಲಿಯೂ ಒಂದು ಮಾತು. ವಿಜಯಭಾಸ್ಕರ್ ಅವರು ಈ ಚಿತ್ರಕ್ಕೆ ಕೂಡಿಸಿದ ರಾಗಗಳನ್ನೂ, ಎಸ್. ಜಾನಕಿ ಮತ್ತು ಪಿ.ಬಿ. ಶ್ರೀನಿವಾಸ್ ಅವರ ಕಂಠಗಳನ್ನೂ ರೇಡಿಯೋದಲ್ಲಿ ಕೇಳಿ ಬಲ್ಲವರು ಬಹುಮಂದಿ. ಆದರೆ ಚಿತ್ರದೊಳಗೆ ಹಾಡನ್ನು ಕೇಳುವ ಕ್ರಮ ಬೇರೆ. ಹಾಡು ಆರಂಭವಾಗುವುದಕ್ಕೆ ಮೊದಲು ಯಾವ ಮಾತು ನಡೆದಿತ್ತು, ಮುಗಿದ ಮೇಲೆ ಯಾವ ಸಂಗತಿ ಬದಲಾಗಿದೆ ಎಂದು ಕೇಳಿಕೊಳ್ಳಬೇಕು. ಭಾಗವತರು ಪದ್ಯವನ್ನು ಎತ್ತಿಕೊಳ್ಳುವ ಸಮಯದ ಔಚಿತ್ಯವನ್ನು ತೂಗಿ ನೋಡುವ ಕಿವಿ ಇದ್ದವನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಾವ ಹಾಡನ್ನು ತೆಗೆದರೂ ಕಥೆಗೆ ನಷ್ಟವಿಲ್ಲವೋ ಆ ಹಾಡು ಎಷ್ಟೇ ಮಧುರವಾಗಿದ್ದರೂ ಚಿತ್ರದ ಅಂಗವಾಗಲಿಲ್ಲ.

‘ಉಯ್ಯಾಲೆ’ಯು ಇದಕ್ಕಿಂತ ಕಠಿಣವಾದ ಪಾಠ, ಹೊಸಬನು ಇದನ್ನು ಎರಡನೆಯದಾಗಿ ನೋಡುವುದು ಒಳ್ಳೆಯದು. ಚದುರಂಗರ ಕಾದಂಬರಿಯನ್ನು ಆಧರಿಸಿ, 1964ರಲ್ಲಿ ‘ನಾಂದಿ’ಯನ್ನು ಕೊಟ್ಟಿದ್ದ ಲಕ್ಷ್ಮೀನಾರಾಯಣರು ರೂಪಿಸಿದ ಈ ಚಿತ್ರದಲ್ಲಿ ಖಳನೇ ಇಲ್ಲ. ಗ್ರಂಥಗಳಲ್ಲಿ ಮುಳುಗಿದ ಪ್ರಾಧ್ಯಾಪಕ, ಅವನ ಏಕಾಕಿಯಾದ ಹೆಂಡತಿ, ಆ ಮನೆಗೆ ಬಂದು ಸೇರುವ ಒಬ್ಬ ತರುಣ: ಅಶ್ವಥ್, ಕಲ್ಪನಾ, ರಾಜ್‌ಕುಮಾರ್. ಗಂಡನು ಕ್ರೂರಿಯಲ್ಲ, ತರುಣನು ದುಷ್ಟನಲ್ಲ, ಹೆಂಡತಿ ಚಂಚಲೆಯಲ್ಲ. ಮೂವರೂ ಸಜ್ಜನರಾಗಿರುವಾಗಲೇ ಸಂಕಟವು ಹುಟ್ಟುತ್ತದೆ. ಅಧರ್ಮವು ವೇಷದ ಬಣ್ಣದಿಂದಲೇ ಗುರುತಿಸಲ್ಪಡುವ ಲೋಕಕ್ಕೆ ಒಗ್ಗಿದ ಕಣ್ಣಿಗೆ ಇದು ಗೊಂದಲವನ್ನು ಉಂಟುಮಾಡದಿರಲಾರದು: ಯಾರ ಪಕ್ಷವನ್ನು ವಹಿಸುವುದು? ಯಾರ ಪಕ್ಷವನ್ನೂ ವಹಿಸದೆ ಮೂವರ ನೋವನ್ನೂ ಸಮನಾಗಿ ಕಾಣುವ ಶಕ್ತಿಯನ್ನು ಈ ಚಿತ್ರ ಪ್ರೇಕ್ಷಕನಲ್ಲಿ ಬೆಳೆಸುತ್ತದೆ. ಪರಪುರುಷನೆಡೆಗೆ ಮನಸ್ಸು ವಾಲಿದ ಗೃಹಿಣಿಯನ್ನು ತಿರಸ್ಕರಿಸದೆ, ಅವಳನ್ನು ಕೊಂಡಾಡಲೂ ಹೋಗದೆ, ಅವಳ ತೂಗಾಟವನ್ನು ಇದ್ದಂತೆ ತೋರಿಸಿದ ಧೈರ್ಯವು ಆ ಕಾಲದಲ್ಲಿ ಅಲ್ಪವಾದುದಲ್ಲ. ಪೌರಾಣಿಕ ಮತ್ತು ಐತಿಹಾಸಿಕ ಪಾತ್ರಗಳಿಂದ ಜನಮನದಲ್ಲಿ ನೆಲೆಗೊಂಡಿದ್ದ ರಾಜ್‌ಕುಮಾರರು ಇಂತಹ ಪಾತ್ರವನ್ನು ಒಪ್ಪಿಕೊಂಡುದೂ, ಅದರಲ್ಲಿ ತಮ್ಮ ಗಂಭೀರ ಕಂಠವನ್ನು ತಗ್ಗಿಸಿ ನುಡಿದುದೂ ಅವರ ಕಲಾಪ್ರಜ್ಞೆಗೆ ಸಾಕ್ಷಿ. ಸುವರ್ಣಯುಗದ ಕನ್ನಡ ಚಿತ್ರಗಳಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವುದು ಇದನ್ನೇ.

ರಾಜ್‌ಕುಮಾರರ ಹೆಸರು ಬಂದುದರಿಂದ ಒಂದು ಅಭ್ಯಾಸಕ್ರಮವನ್ನು ಇಲ್ಲಿ ಸೂಚಿಸುತ್ತೇನೆ. ಒಬ್ಬನೇ ವೇಷಧಾರಿ ಇಂದು ಕೃಷ್ಣನಾಗಿ, ನಾಳೆ ಕೀಚಕನಾಗಿ ಬಂದಾಗ ಎರಡನ್ನೂ ಹೋಲಿಸಿ ನೋಡುವುದು ನಮ್ಮಲ್ಲಿ ಹಳೆಯ ರೂಢಿ. ಅದರಂತೆ ಇದೊಂದು ವರ್ಷದ ರಾಜ್‌ಕುಮಾರರನ್ನು ಸಾಲಾಗಿ ನೋಡಿರಿ. ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿಯಿಂದ ಹುಟ್ಟಿದ ‘ಮಲ್ಲಮ್ಮನ ಪವಾಡ’ದಲ್ಲಿ ಅವರು ಮಲತಾಯಿಯ ಮಾತನ್ನೇ ವೇದವೆಂದು ನಂಬಿದ ಮುಗ್ಧ, ಅವನ ಕಣ್ಣು ತೆರೆಸುವ ಹೆಂಡತಿಯಾಗಿ ಬಿ. ಸರೋಜಾದೇವಿ. ‘ಮೇಯರ್ ಮುತ್ತಣ್ಣ’ದಲ್ಲಿ ಊರು ಬಿಟ್ಟು ಬೆಂಗಳೂರಿಗೆ ಬಂದು ನಗರದ ಪ್ರಥಮ ಪ್ರಜೆಯಾಗಿ ಬೆಳೆಯುವ ಹಳ್ಳಿಗ. ಸಿ.ಐ.ಡಿ. 999 ಆಗಿ ಕೋಟು ತೊಟ್ಟು ಪಿಸ್ತೂಲು ಹಿಡಿದ ಪತ್ತೇದಾರ. 1968ರ ‘ಜೇಡರ ಬಲೆ’ಯಿಂದ ಆರಂಭವಾದ ಮಾಲಿಕೆಯ ಮೂರನೆಯ ಚಿತ್ರವದು. ಇವುಗಳ ಪಕ್ಕದಲ್ಲಿ ‘ಉಯ್ಯಾಲೆ’ಯ ಪ್ರೇಮಿ. ನಡಿಗೆ ಹೇಗೆ ಬದಲಾಗುತ್ತದೆ, ತೋಳುಗಳು ಎಷ್ಟು ಸ್ಥಳವನ್ನು ಆಕ್ರಮಿಸುತ್ತವೆ, ಹಿರಿಯರ ಮುಂದೆ ನಿಲ್ಲುವ ಭಂಗಿಯಲ್ಲಿ ಏನು ವ್ಯತ್ಯಾಸ ಎಂದು ಗಮನಿಸುತ್ತ ಹೋದರೆ ಅಭಿನಯವೆಂದರೆ ಮುಖಭಾವ ಮಾತ್ರವಲ್ಲವೆಂಬುದು ತಾನಾಗಿ ವೇದ್ಯವಾಗುತ್ತದೆ. ‘ಮಲ್ಲಮ್ಮನ ಪವಾಡ’ದ ಕಥೆ ದೂರ ಸಂಚರಿಸಿ 1992ರಲ್ಲಿ ಹಿಂದಿಯ ‘ಬೇಟಾ’ ಆಗಿ ದೇಶವನ್ನೆಲ್ಲ ರಂಜಿಸಿತೆಂಬುದನ್ನು ಆ ಹಿಂದಿ ಚಿತ್ರವನ್ನು ಮೆಚ್ಚಿದ ತರುಣರಿಗೆ ತಿಳಿಸಬೇಕು. ಪತ್ತೇದಾರಿ ಚಿತ್ರವನ್ನು ಸಂತೋಷಕ್ಕಾಗಿ ನೋಡಿದರೆ ಸಾಕು.

‘ಕಪ್ಪು ಬಿಳುಪು’ ಚಿತ್ರವನ್ನು ದ್ವಿಪಾತ್ರಾಭಿನಯದ ಕಾರಣದಿಂದ ನೋಡಬಹುದು; ಎರಡು ಪಾತ್ರಗಳನ್ನೂ ಕಲ್ಪನಾ ಅವರೇ ನಿರ್ವಹಿಸಿದ್ದಾರೆ. ‘ಗೆಜ್ಜೆಪೂಜೆ’ಯ ಗಾಂಭೀರ್ಯವನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ.

ಅದೇ ಕಾಲದಲ್ಲಿ ಹೊರಗೆ ಏನು ನಡೆದಿತ್ತೆಂಬುದನ್ನು ತಿಳಿದಿದ್ದರೆ ನಮ್ಮ ಚಿತ್ರಗಳ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೃಣಾಲ್ ಸೇನರ ‘ಭುವನ್ ಶೋಮ್’, ಬಾಸು ಚಟರ್ಜಿಯವರ ‘ಸಾರಾ ಆಕಾಶ್’, ಮಣಿ ಕೌಲರ ‘ಉಸ್ಕಿ ರೋಟಿ’ ಇವು ಮೂರೂ 1969ರವೇ; ಮೂರಕ್ಕೂ ಕ್ಯಾಮೆರಾ ಹಿಡಿದವರು ಕೆ.ಕೆ. ಮಹಾಜನ್. ‘ಉಸ್ಕಿ ರೋಟಿ’ಯು ಕಥೆಯನ್ನೇ ಬಹುಪಾಲು ತ್ಯಜಿಸಿ ಮೌನಕ್ಕೆ ಶರಣಾಯಿತು. ಕನ್ನಡದ ನಿರ್ದೇಶಕರು ಕಥೆಯನ್ನೂ ಹಾಡನ್ನೂ ಕಣ್ಣೀರನ್ನೂ ಉಳಿಸಿಕೊಂಡು ಅವುಗಳ ನಡುವೆಯೇ ಮೌನಕ್ಕೆ ಎಡೆಮಾಡಿದರು. ಯಾವುದು ಹೆಚ್ಚು ಶುದ್ಧವೆಂಬ ವಾದ ಬೇರೆ. ಸಾವಿರಾರು ಸಾಮಾನ್ಯ ಜನರನ್ನು ಜತೆಗೆ ಕರೆದುಕೊಂಡು ಹೋದುದು ಎರಡನೆಯ ದಾರಿಯೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ನೋಡುವ ಕ್ರಮ. ಈ ಚಿತ್ರಗಳು ತೆರೆಯ ಮುಂದೆ ನೂರಾರು ಜನ ಒಟ್ಟಿಗೆ ಕುಳಿತು ನೋಡುವುದಕ್ಕೆಂದು ರಚಿತವಾದವು. ಸಂಚಾರಿ ಟಾಕೀಸುಗಳಲ್ಲಿ ಒಂದೇ ಪ್ರೊಜೆಕ್ಟರಿದ್ದಾಗ ರೀಲು ಬದಲಿಸಲು ಪ್ರದರ್ಶನವು ನಿಲ್ಲುತ್ತಿದ್ದುದೂ ಉಂಟು, ಆ ವಿರಾಮದಲ್ಲಿ ನಡೆದ ಕಥೆಯನ್ನು ಜನ ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದುದೂ ಉಂಟು. ಇಂದು ಅವು ಮೊಬೈಲಿನಲ್ಲಿ, ಸವೆದ ಪ್ರತಿಗಳ ರೂಪದಲ್ಲಿ ದೊರೆಯುತ್ತವೆ. ಅಂಗೈಯಗಲದ ಪರದೆಯಲ್ಲಿ ಕಲ್ಪನಾ ಅವರ ಕಣ್ಣಂಚಿನ ಚಲನೆ ಕಾಣುವುದಿಲ್ಲ. ಆದುದರಿಂದ ಸಾಧ್ಯವಾದಮಟ್ಟಿಗೆ ದೊಡ್ಡ ಪರದೆಯಲ್ಲಿ, ಕೋಣೆಯ ದೀಪವನ್ನು ಆರಿಸಿ, ನಾಲ್ಕು ಜನ ಸೇರಿ ನೋಡುವುದು ಮೇಲು. ಕೊನೆಕೊಯ್ಲು ಮುಗಿದು ಅಡಕೆಯ ಕೆಲಸ ಹಗುರವಾದ ದಿನಗಳು ಇದಕ್ಕೆ ಪ್ರಶಸ್ತ. ಮಳೆಗಾಲದಲ್ಲಿ ವಿದ್ಯುತ್ತಿನ ಭರವಸೆ ಸಾಲದು. ವೇಗವನ್ನು ಹೆಚ್ಚಿಸುವ ಅನುಕೂಲವನ್ನು ಯಾವ ಕಾರಣಕ್ಕೂ ಉಪಯೋಗಿಸಕೂಡದು. ಇಲ್ಲಿ ನಿಧಾನವೆಂದು ತೋರುವ ಎಡೆಗಳೇ ನಿರ್ದೇಶಕನು ಬೇಕೆಂದು ಬಿಟ್ಟ ಎಡೆಗಳು. ಕಪ್ಪು ಬಿಳುಪಿನ ಚಿತ್ರದಲ್ಲಿ ಬಣ್ಣದ ಕೆಲಸವನ್ನು ಬೆಳಕೇ ಮಾಡಬೇಕಾಗುತ್ತದೆಯಾದ್ದರಿಂದ, ಮುಖದ ಯಾವ ಪಾರ್ಶ್ವವು ನೆರಳಿನಲ್ಲಿದೆ, ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನೂ ಲಕ್ಷಿಸಬೇಕು.

ನೋಡಿದ ಮರುದಿನ ಮೂಲ ಕಾದಂಬರಿಯನ್ನು ಓದಲು ಕೈಗೆತ್ತಿಕೊಳ್ಳಿರಿ. ಮೊದಲು ಓದಿ ಆಮೇಲೆ ನೋಡುವವನು ಕೃತಿಯಲ್ಲಿದ್ದುದು ತೆರೆಯ ಮೇಲೆ ಇಲ್ಲವೆಂದು ಕೊರಗುತ್ತಾನೆ. ನೋಡಿ ಆಮೇಲೆ ಓದುವವನಿಗೆ ಯಾವ ವಾಕ್ಯವು ಯಾವ ನೋಟವಾಯಿತೆಂಬ ವಿಸ್ಮಯ ಲಭಿಸುತ್ತದೆ. ಮನೆಯಲ್ಲಿ ಅರುವತ್ತರ ದಶಕದ ಕಾದಂಬರಿಗಳನ್ನು ಓದಿ ಬೆಳೆದ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಅವರನ್ನು ತಪ್ಪದೆ ಜತೆಗೆ ಕೂರಿಸಿಕೊಂಡು ನೋಡಿರಿ. ‘ಉಯ್ಯಾಲೆ’ಯ ಹೆಂಡತಿ ಮಾಡಿದುದು ಸರಿಯೋ ತಪ್ಪೋ ಎಂದು ಅವರನ್ನೇ ಕೇಳಿ, ಅವರು ಉತ್ತರ ಕೊಡುವವರೆಗೆ ನೀವು ನಿಮ್ಮ ಅಭಿಪ್ರಾಯವನ್ನು ಹೇಳದಿರುವುದು ಲೇಸು.