‘ಭೂಸಂಪರ್ಕ’ ಶಬ್ದದ ಅರ್ಥವಿಮರ್ಶೆ

ವಿದ್ಯುಚ್ಛಾಸ್ತ್ರದ ಕನ್ನಡ ಬರಹಗಳಲ್ಲಿ ‘ಭೂಸಂಪರ್ಕ’ವೆಂದೂ ಕೆಲಸಗಾರರ ಬಾಯಲ್ಲಿ ‘ಅರ್ಥಿಂಗ್’ ಎಂದೂ ವ್ಯವಹಾರದಲ್ಲಿರುವ ಶಬ್ದವು ಎರಡು ಅರ್ಥಗಳನ್ನು ಹೊತ್ತಿದೆ. ಯಂತ್ರದ ಲೋಹಕವಚವನ್ನು ತಂತಿಯಿಂದ ನೆಲಕ್ಕೆ ಸೇರಿಸಿ ಮನುಷ್ಯನನ್ನು ಆಘಾತದಿಂದ ಕಾಪಾಡುವುದು ಒಂದು. ವೋಲ್ಟೇಜನ್ನು ಎಲ್ಲಿಂದ ಎಣಿಸತಕ್ಕುದೋ ಆ ಸೊನ್ನೆಯ ನೆಲೆಯನ್ನು ಸೂಚಿಸುವುದು ಇನ್ನೊಂದು. ಇವೆರಡಕ್ಕೂ ಒಂದೇ ಶಬ್ದವು ಸಾಕೇ ಎಂಬುದು ಇಲ್ಲಿ ವಿಚಾರಣೀಯವಾಗಿದೆ.

ಭೂಮಿಯು ಒಂದೇ ಆದುದರಿಂದ ಅದಕ್ಕೆ ಸೇರಿದ ಸ್ಥಾನಗಳೆಲ್ಲ ಸಮವಿಭವವುಳ್ಳವು, ಶಬ್ದವೂ ಒಂದೇ ಸಾಕು ಎಂಬುದು ಪೂರ್ವಪಕ್ಷ. ಇದು ಅನುಭವಕ್ಕೆ ವಿರುದ್ಧವಾದುದು. ಒಂದೇ ಕಟ್ಟಡದ ಎರಡು ಭೂಸಂಪರ್ಕಸ್ಥಾನಗಳ ನಡುವೆಯೂ ಸಾಮಾನ್ಯವಾಗಿ 10ರಿಂದ 200 ಮಿಲಿವೋಲ್ಟುಗಳ ಅಂತರವಿರುವುದುಂಟು. ಕುಲುಮೆಯ ಲೋಹಕ್ಕೆ ತಗುಲಿ ಆ ಮೂಲಕ ನೆಲಕ್ಕೆ ಸೇರಿದ ‘ಕೆ’ ವರ್ಗದ ಥರ್ಮೊಕಪಲ್ಲನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಒಂದು ಸೆಲ್ಸಿಯಸ್ ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟು ಮಾತ್ರ. ಮಾಪಕದ ಒಂದು ತುದಿಯೂ ಬೇರೊಂದು ಕಡೆ ನೆಲಕ್ಕೆ ಸೇರಿದ್ದರೆ, ಎರಡು ನೆಲೆಗಳ ಅಂತರವು ತಂತಿಯಲ್ಲಿ ಪ್ರವಾಹವನ್ನು ಹರಿಸಿ ಅಳತೆಯೊಳಕ್ಕೆ ನುಗ್ಗುತ್ತದೆ. ಹತ್ತೇ ಮಿಲಿವೋಲ್ಟು ಪೂರ್ಣವಾಗಿ ಸೇರಿದರೂ ದೋಷವು ಸುಮಾರು 240 ಡಿಗ್ರಿ!

ಹಾಗಾದರೆ ಮಾಪಕದ ನೆಲದ ತಂತಿಯನ್ನೇ ಕತ್ತರಿಸಿದರಾಗದೇ ಎಂದರೆ, ಕೂಡದು. ಕವಚಕ್ಕೆ ವಿದ್ಯುತ್ತು ಏರಿದಲ್ಲಿ ಮುಟ್ಟಿದವನ ಪ್ರಾಣಕ್ಕೇ ಅಪಾಯ. ರಕ್ಷಣೆಯ ಸಂಪರ್ಕವನ್ನು ಉಳಿಸಿ, ಎಣಿಕೆಯ ನೆಲೆಯನ್ನು ಮಾತ್ರ ಬೇರ್ಪಡಿಸತಕ್ಕುದು. ಮೂಲದ ಎರಡು ತುದಿಗಳನ್ನೂ ನೆಲಕ್ಕೆ ಸೇರದ ಎರಡು ಪ್ರವೇಶಗಳಿಗೆ ಕೊಟ್ಟರೆ, ಮಾಪಕವು ಅವುಗಳ ವ್ಯತ್ಯಾಸವನ್ನೇ ಗ್ರಹಿಸುವುದು; ಉಭಯಸಾಧಾರಣವಾದ ಅಂಶವು ಬಹುಮಟ್ಟಿಗೆ ಕಳೆದುಹೋಗುವುದು. ಸಾಧಾರಣಾಂಶವನ್ನು ಹತ್ತು ಸಾವಿರ ಪಾಲು ತಗ್ಗಿಸುವ ಮಾಪಕದಲ್ಲಿ 200 ಮಿಲಿವೋಲ್ಟು 20 ಮೈಕ್ರೋವೋಲ್ಟಾಗಿ, ದೋಷವು ಅರ್ಧ ಡಿಗ್ರಿಗೆ ಇಳಿಯುವುದು.

ಈ ವಿವೇಕವು ಶಬ್ದಶಾಸ್ತ್ರಕ್ಕೆ ಹೊಸದಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ 1.4.24ನೆಯ ಸೂತ್ರದಲ್ಲಿ, ಅಗಲಿಕೆಯಲ್ಲಿ ಧ್ರುವವಾದುದಕ್ಕೆ ಅಪಾದಾನಸಂಜ್ಞೆಯನ್ನು ವಿಧಿಸಿರುವನು. ಓಡುವ ಕುದುರೆಯಿಂದ ಒಬ್ಬನು ಬಿದ್ದರೆ ಆ ಕುದುರೆಯು ಧ್ರುವವೆಂತು? ಧ್ರುವವೆಂದರೆ ನಿಶ್ಚಲವೆಂದಲ್ಲ, ಅವಧಿಯಾದುದು ಎಂಬುದೇ ವೈಯಾಕರಣರ ಸಮಾಧಾನ. ವೋಲ್ಟೇಜೂ ಹಾಗೆಯೇ: ‘ಇಷ್ಟು’ ಎಂದರೆ ಸಾಲದು, ‘ಯಾವುದರಿಂದ ಇಷ್ಟು’ ಎಂಬ ಆಕಾಂಕ್ಷೆ ತೀರಬೇಕು. ಭೂಮಿಯು ಅವಧಿಯಾಗಬಹುದು, ಆದರೆ ಅವಧಿಯೆಲ್ಲ ಭೂಮಿಯಲ್ಲ.

ಆದಕಾರಣ ‘ಭೂಸಂಪರ್ಕ’ವನ್ನು ರಕ್ಷಣಾರ್ಥದಲ್ಲಿಯೇ ನಿಲ್ಲಿಸಿ, ಎಣಿಕೆಯ ನೆಲೆಗೆ ‘ಮಾನಾವಧಿ’ ಎಂಬ ಬೇರೆ ಸಂಜ್ಞೆಯನ್ನು ಮಾಡುವುದು ಯುಕ್ತ. ಕಾವ್ಯದಲ್ಲಿ ಶ್ಲೇಷೆಯು ಅಲಂಕಾರ. ಪ್ರಯೋಗಶಾಲೆಯಲ್ಲಿ ಅದೇ ಅಳತೆಯ ಸುಳ್ಳಿಗೂ ಕೆಲವೊಮ್ಮೆ ಜೀವಹಾನಿಗೂ ಕಾರಣ. ಪರಿಭಾಷೆಯನ್ನು ರಚಿಸುವ ಪಂಡಿತರೂ ಅದನ್ನು ಬೋಧಿಸುವ ಉಪಾಧ್ಯಾಯರೂ ಇದನ್ನು ಪರ್ಯಾಲೋಚಿಸುವುದು ಉಚಿತವಾಗಿದೆ.