ಗೊಂಬೆಯ ಅಳತೆ, ಮನುಷ್ಯನ ಅಳತೆ

ಕೇಶ್ವಾಪುರದ ಒಂದು ಮಾಳಿಗೆ ಕೋಣೆಯಲ್ಲಿ ನಾಲ್ಕೈದು ಹುಡುಗರು ಕಂಪ್ಯೂಟರಿನ ಮುಂದೆ ಕೂತು ಕಾರ್ಟೂನು ಚಿತ್ರಕ್ಕೆ ಪಾತ್ರಗಳನ್ನು ಬರೆಯುವುದನ್ನು ನಾವು ನೋಡಿದೆವು. ಗೋಡೆ ತುಂಬ ಜಪಾನಿನ ದೊಡ್ಡ ಕಣ್ಣು, ಡಿಸ್ನಿಯ ದುಂಡು ಕೆನ್ನೆ. ಅವುಗಳ ನಡುವೆ ತೊಗಲುಗೊಂಬೆಯ ರಾಮ. 'ಈ ಸಲ ನಮ್ಮ ಸ್ಟೈಲಿನ್ಯಾಗ ಮಾಡೂಣು ಅಂತೀವ್ರಿ' ಅಂದ ಒಬ್ಬ. ಮಾತು ಛಲೋ ಐತಿ. ಆದರೆ 'ನಮ್ಮ' ಅಂದರೆ ಯಾರದು?

ಬೇರೆಯವರ ಕೈ ನೋಡಿ ಕಲಿಯುವುದು ತಪ್ಪಲ್ಲ. ಜಪಾನಿನ ಒಸಾಮು ತೆಜುಕಾ ಡಿಸ್ನಿಯ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಕಲಿತವನು. ಆದರೂ 1963ರಲ್ಲಿ ಟೀವಿಗೆ ಬಂದ ಅವನ 'ಆಸ್ಟ್ರೋ ಬಾಯ್' ಡಿಸ್ನಿಯ ನಕಲಾಗಲಿಲ್ಲ. ಜರ್ಮನಿಯ ಲೋಟೆ ರೈನಿಗರ್ ಎಂಬ ಹೆಣ್ಣುಮಗಳು ಕರಿ ಕಾಗದ ಕತ್ತರಿಸಿ, ಕೈಕಾಲಿಗೆ ಕೀಲು ಕೂಡಿಸಿ, ಒಂದೊಂದೇ ಚಿತ್ರ ತೆಗೆಯುತ್ತ 1926ರಲ್ಲಿ ರಾಜಕುಮಾರ ಅಹ್ಮದನ ಕತೆಯನ್ನು ತೆರೆಗೆ ತಂದಳು. ನೆರಳಿನಾಟದ ವೇಷವನ್ನಲ್ಲ, ಅದರ ಗುಟ್ಟನ್ನು ಆಕೆ ತಗೊಂಡಳು. ಮುಖದ ಭಾವ ಕಾಣದಿದ್ದರೆ ಬೆನ್ನು ಮಾತಾಡಬೇಕು, ಬೆರಳು ಮಾತಾಡಬೇಕು.

ನಮ್ಮ ಹುಡುಗರು ತೊಗಲುಗೊಂಬೆಯಿಂದ ತಗೊಂಡದ್ದೇನು? ಪಕ್ಕಕ್ಕೆ ತಿರುಗಿದ ಮುಖ, ಅಗಲ ಕಣ್ಣು, ಕಿರೀಟದ ಕುಸುರಿ. ಆ ಕುಸುರಿ ಗೊಂಬೆಯಲ್ಲಿ ಯಾಕಿತ್ತು? ಆಡಿನ ತೊಗಲನ್ನು ನೆನೆಸಿ, ಕೂದಲು ಹೆರೆದು, ಒಣಗಿಸಿ, ಬಣ್ಣ ಹಾಕಿ, ಉಳಿಯಿಂದ ತೂತು ಹೊಡೆಯುತ್ತಾರೆ. ಹಿಂದಿನ ದೀಪದ ಬೆಳಕು ಆ ತೂತಿನಿಂದ ಹಾಯ್ದಾಗಲೇ ಅದು ಒಡವೆ. ದೀಪವಿಲ್ಲದ ಚಿತ್ರದಲ್ಲಿ ಅದನ್ನೇ ಚುಕ್ಕೆ ಚುಕ್ಕೆಯಾಗಿ ಬರೆದರೆ ಬರೇ ಸೀರೆಯ ಅಂಚು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಅಳತೆಯೇ ಅಂತಸ್ತನ್ನು ಹೇಳುತ್ತದೆ. ರಾಜರು, ದೇವರು ದೊಡ್ಡವರು. ಆಳುಗಳು, ಸಾಮಾನ್ಯ ಜನ ಸಣ್ಣವರು. ಈ ಗೊಂಬೆಗಳನ್ನು ಮಾಡಿ ಆಡಿಸುತ್ತ ಬಂದವರು ಸಿಳ್ಳೇಕ್ಯಾತರು, ಈ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವವರು. ಊರು ತಮ್ಮನ್ನು ಅಳೆದ ಅಳತೆಯಿಂದಲೇ ಅವರು ತೊಗಲು ಕೊಯ್ಯಬೇಕಾಯಿತು. ಹುಡುಗರ ಚಿತ್ರದಲ್ಲೂ ರಾಜ ಪರದೆ ತುಂಬ ನಿಂತಿದ್ದ, ಆಳು ಅವನ ಮೊಣಕಾಲಿಗೆ ಬರುತ್ತಿದ್ದ. ಯಾಕಪ್ಪಾ ಅಂದರೆ 'ಒರಿಜಿನಲ್ ಹಂಗ ಐತ್ರಿ' ಅಂದರು. ಗೆರೆಯ ಜೊತೆಗೆ ಜಾತಿಯೂ ಸದ್ದಿಲ್ಲದೆ ಕಂಪ್ಯೂಟರಿನೊಳಗೆ ಹೋಗಿ ಕೂತಿತ್ತು.

ಅದೇ ಆಟದಲ್ಲಿ ಕಿಳ್ಳೇಕ್ಯಾತನೂ ಇದ್ದಾನೆ, ಅವನ ಹೆಂಡತಿ ಬಂಗಾರಕ್ಕನೂ ಇದ್ದಾಳೆ. ಸಮುದಾಯದ ಹೆಸರೂ ಅವನದೇ. ಕರಿ ಮೈ, ಡೊಳ್ಳು ಹೊಟ್ಟೆ, ಬಾಯಿಗೆ ಕಟ್ಟಿಲ್ಲ. ಪುರಾಣದ ನಡುವೆ ನುಗ್ಗಿ ಊರ ಮಾತಿನಲ್ಲೇ ಜನರನ್ನು ನಗಿಸುತ್ತಾನೆ. ಕರಿ ಮೈಯನ್ನು ನಗೆಪಾಟಲಿಗೆ ಇಟ್ಟದ್ದು ಸುಳ್ಳಲ್ಲ, ಅದನ್ನು ನಾವು ಮರೆಯಬಾರದು. ಆದರೆ ಆ ಸಣ್ಣ ಮೈಯೊಳಗೆ ನಾಲಗೆ ದೊಡ್ಡದು. ಹುಡುಗರು ಇವನನ್ನು ಒಂದು ಸಲವೂ ಬರೆದಿರಲಿಲ್ಲ.

ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ವಯಸ್ಸು ತೊಂಬತ್ತು ದಾಟಿದ ಮೇಲೆ. ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ರೈಲಿದೆ. ಜಪಾನಿನ ತನಕ ಕಣ್ಣು ಹಾಯಿಸುವ ಗೆಳೆಯರು ಅಂಥ ಒಂದು ಮನೆಗೆ ಹೋಗಿ, ಒಂದು ರಾತ್ರಿ ಪರದೆಯ ಹಿಂದೆ ಕೂಡ್ರಬಾರದೇ? ಮುಂದೆ ಕೂತರೆ ಗೊಂಬೆ ಕಾಣುತ್ತದೆ, ಹಿಂದೆ ಕೂತರೆ ಅದನ್ನು ಹಿಡಿದವರ ಕೈ ಕಾಣುತ್ತದೆ. ಕಲಿತಮೇಲೆ ಚಿತ್ರದಲ್ಲಿ ಅವರ ಹೆಸರು ಬರಲಿ, ಬಂದ ರೊಕ್ಕದಲ್ಲಿ ಪಾಲು ಹೋಗಲಿ.

ಮತ್ತೆ ಒಂದು ಸಲ ಆ ಆಳಿನ ಗೊಂಬೆಯನ್ನು ರಾಜನ ಎತ್ತರಕ್ಕೆ ಬರೆದು ನೋಡಲಿ. ಸ್ಟೈಲ್ ಕೆಡತೈತಿ ಅಂದರ, ಕೆಡ್ಲಿ ಬಿಡ್ರಿ.