ಉಸಿರಿನ ಅಳತೆಗೆ ಬಿಲ್ ಇದೆ, ದೋಷಮಿತಿ ಎಲ್ಲಿದೆ?

ವಿದ್ಯಾರ್ಥಿಯು ದೋಷಮಿತಿಯನ್ನು ನಮೂದಿಸದೆ ಪ್ರಯೋಗದ ಫಲಿತಾಂಶ ಬರೆದು ತಂದರೆ ಅಧ್ಯಾಪಕರಾದ ನಾವು ಅದನ್ನು ಹಿಂದಿರುಗಿಸುತ್ತೇವೆ. ಅಮೆರಿಕದಲ್ಲಿ ಶ್ವಾಸಕೋಶದ ಪರೀಕ್ಷೆಗಳಿಗೆ ಹಣ ಪಾವತಿಸುವ ಕ್ರಮವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ದೊಡ್ಡ ಕೊರತೆ ಕಾಣುತ್ತದೆ.

ಅಲ್ಲಿ ವೈದ್ಯಕೀಯ ಬಿಲ್‌ಗಳಿಗೆ ಆಧಾರ ಸಿಪಿಟಿ ಎಂಬ ಸಂಕೇತಾವಳಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು ಮೊದಲು ಪ್ರಕಟಿಸಿದ್ದು 1966ರಲ್ಲಿ. ಸ್ಪೈರೋಮೀಟರಿನೊಳಗೆ ರೋಗಿ ಜೋರಾಗಿ ಊದುವ ಪರೀಕ್ಷೆಗೆ 94010 ಎಂಬ ಸಂಕೇತ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಡುವ ಮೊದಲೂ ಅನಂತರವೂ ಊದಿಸಿದರೆ 94060. ಎರಡನೆಯದರಲ್ಲಿ ಮೊದಲನೆಯದು ಅಡಕವಾಗಿರುವುದರಿಂದ ಒಂದೇ ಪರೀಕ್ಷೆಗೆ ಎರಡನ್ನೂ ಬರೆಯುವಂತಿಲ್ಲ. ಒಂದೇ ಕೆಲಸವನ್ನು ಎರಡು ಬಾರಿ ಎಣಿಸಬಾರದೆಂಬ ಈ ಶಿಸ್ತು ಮೆಚ್ಚತಕ್ಕದ್ದೇ.

ಆದರೆ ಅಳತೆ ಎಷ್ಟು ನಂಬಲರ್ಹ ಎಂಬುದನ್ನು ಸಂಕೇತ ಹೇಳುವುದಿಲ್ಲ. ಅಮೆರಿಕ ಮತ್ತು ಯುರೋಪಿನ ಶ್ವಾಸತಜ್ಞರ ಸಂಘಗಳು 2019ರಲ್ಲಿ ಹೊರತಂದ ಮಾನದಂಡದಲ್ಲಿ ಪ್ರತಿ ಪರೀಕ್ಷೆಗೂ ದರ್ಜೆ ಉಂಟು. ವಯಸ್ಕರಲ್ಲಿ ‘ಎ’ ದರ್ಜೆಗೆ ಕನಿಷ್ಠ 3 ಸರಿಯಾದ ಊದುವಿಕೆಗಳು ಬೇಕು. ಅತಿ ಹೆಚ್ಚಿನ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ಮೀರಬಾರದು. ಈ ದರ್ಜೆ ವರದಿಯಲ್ಲಿ ಬರುತ್ತದೆ. ಬಿಲ್‌ನ ಸಂಕೇತದಲ್ಲಿ ಅದಕ್ಕೆ ಜಾಗವಿಲ್ಲ.

ದರ್ಜೆಯೊಂದೇ ಸಾಲದು ಎಂಬುದಕ್ಕೆ ಭೌತವಿಜ್ಞಾನದ ಒಂದು ಉದಾಹರಣೆ ನೋಡೋಣ. ಶ್ವಾಸಕೋಶದೊಳಗಿನ ಗಾಳಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ನೀರಾವಿಯಿಂದ ಸಂತೃಪ್ತವಾಗಿರುತ್ತದೆ. ಗಾತ್ರವನ್ನೇ ಅಳೆಯುವ ಸ್ಪೈರೋಮೀಟರನ್ನು ಸೇರಿದಾಗ ಅದು ತಣಿದು ಕುಗ್ಗುತ್ತದೆ. ಆದ್ದರಿಂದ ಓದಿಕೆಯನ್ನು ಒಂದು ತಿದ್ದುಪಡಿ ಅಂಶದಿಂದ ಗುಣಿಸಬೇಕು: ಸಮುದ್ರಮಟ್ಟದ ಒತ್ತಡದಲ್ಲಿ ಕೊಠಡಿ 20 ಡಿಗ್ರಿಯಲ್ಲಿದ್ದರೆ ಇದು ಸುಮಾರು 1.102, 30 ಡಿಗ್ರಿಯಲ್ಲಿದ್ದರೆ ಸುಮಾರು 1.045. ಕೊಠಡಿ 30 ಡಿಗ್ರಿಯಲ್ಲಿದ್ದು, ಉಪಕರಣಕ್ಕೆ ತಪ್ಪಾಗಿ 20 ಎಂದು ತಿಳಿಸಿದರೆ, ನಿಜವಾದ 3 ಲೀಟರು ಸುಮಾರು 3.16 ಲೀಟರು ಎಂದು ದಾಖಲಾಗುತ್ತದೆ. ದುರ್ಬಲ ಶ್ವಾಸಕೋಶ ಇರುವುದಕ್ಕಿಂತ ಚೆನ್ನಾಗಿದೆಯೆಂದು ತೋರುತ್ತದೆ.

ಈ ತಪ್ಪು ಮೂರು ಊದುವಿಕೆಗಳಲ್ಲೂ ಒಂದೇ ಪ್ರಮಾಣದಲ್ಲಿ ಸೇರುವುದರಿಂದ ಅವು ಪರಸ್ಪರ ಹೊಂದಿಕೊಂಡೇ ಇರುತ್ತವೆ. ‘ಎ’ ದರ್ಜೆಯೂ ದೊರೆಯುತ್ತದೆ. ಪ್ರತಿದಿನ 3 ಲೀಟರಿನ ಸಿರಿಂಜಿನಿಂದ ಮಾಡುವ ತಪಾಸಣೆಯಲ್ಲೂ ಇದು ಸಿಕ್ಕಿಬೀಳದು. ಏಕೆಂದರೆ ಸಿರಿಂಜಿನಲ್ಲಿರುವುದು ಕೊಠಡಿಯದೇ ಗಾಳಿ. ಅದಕ್ಕೆ ಈ ತಿದ್ದುಪಡಿಯೇ ಇಲ್ಲ. ಪುನರಾವರ್ತನೀಯತೆ ಬೇರೆ, ನಿಖರತೆ ಬೇರೆ ಎಂದು ನಾವು ತರಗತಿಯಲ್ಲಿ ಹೇಳುವ ಪಾಠವೇ ಇದು.

ಹಾಗೆಂದು ದರ್ಜೆ ಕಡಿಮೆಯಾದರೆ ಹಣ ಕಡಿತ ಮಾಡಬೇಕೆಂದು ನಾನು ಹೇಳುವುದಿಲ್ಲ. ತೀವ್ರವಾಗಿ ಅಸ್ವಸ್ಥನಾದ ರೋಗಿ ಮೂರು ಬಾರಿ ಸರಿಯಾಗಿ ಊದಲಾರ. ಅಂಥವನನ್ನು ಪರೀಕ್ಷಿಸುವುದೇ ನಷ್ಟವಾಗಬಾರದು. ಆದರೆ ದರ್ಜೆ, ಕೊಠಡಿಯ ಉಷ್ಣತೆ, ಒತ್ತಡ, ತಪಾಸಣೆಯ ದಿನಾಂಕ ಈ ನಾಲ್ಕು ಸಂಗತಿಗಳು ಬಿಲ್‌ನೊಡನೆ ಹೋಗಲಿ. ಹಣ ಕೊಡುವವರಿಗೆ ತಾವು ಕೊಳ್ಳುತ್ತಿರುವುದು ಎಂಥ ಅಳತೆ ಎಂಬುದು ತಿಳಿದಿರಬೇಕು. ನಮ್ಮ ವಿದ್ಯಾರ್ಥಿಯಿಂದ ನಾವು ಕೇಳುವುದೂ ಇಷ್ಟನ್ನೇ.